ನರೆದಲೆಗನ ಸೆರೆವಾಸ: ತುಮಕೂರು ಸೀಮೆಯ ಹಗೇವು ಮತ್ತು ಶೀತಲಗೃಹ

೧

ನರೆದಲೆಗನೆಂಬ ರಾಗಿಗೂ ವ್ರೀಹಿಯೆಂಬ ಬತ್ತಕ್ಕೂ ತಮ್ಮಲ್ಲಿ ಯಾರು ಶ್ರೇಷ್ಠರೆಂಬ ವಿಷಯದಲ್ಲಿ ಕಲಹವುಂಟಾಗಿ, ಶ್ರೀರಾಮನು ಅವೆರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದ ಕಥೆಯು ಕನಕದಾಸರ ರಾಮಧಾನ್ಯಚರಿತೆಯನ್ನು ಓದಿದವರಿಗೆಲ್ಲ ವಿದಿತವಾದುದು. ಅವಧಿಯು ತೀರಿದ ಮೇಲೆ ಹೊರಕ್ಕೆ ತರಿಸಿ ನೋಡಲಾಗಿ ಬತ್ತವು ಕಳೆಗುಂದಿದ್ದಿತು. ರಾಗಿಯು ಕೆಡದೆ ಉಳಿದಿದ್ದಿತು. ರಾಗಿಗೆ ರಾಘವನ ಹೆಸರಿನ ಗೌರವವು ಸಂದಿತು. ಈ ಕಾವ್ಯವು ಕುಲದ ಹೆಮ್ಮೆಯನ್ನು ಖಂಡಿಸುವ ರೂಪಕವೆಂದು ವಿದ್ವಾಂಸರು ವಿವರಿಸಿರುವರು. ಆ ಅಭಿಪ್ರಾಯದಲ್ಲಿ ತಪ್ಪೇನೂ ಇಲ್ಲ. ಆದರೆ ಆ ರೂಪಕಕ್ಕೆ ಆಧಾರವಾಗಿರುವುದು ಒಕ್ಕಲಿಗರೆಲ್ಲರೂ ಬಲ್ಲ ಒಂದು ವಾಸ್ತವಾಂಶ: ಸುಗ್ಗಿಯಲ್ಲಿ ಬೆಳೆದುದರ ಬೆಲೆಯು ಅದು ಮುಂದಿನ ಕಷ್ಟಕಾಲದವರೆಗೆ ಉಳಿಯುವುದೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ. ರಾಮನ ಸೆರೆಮನೆಯೆಂಬುದು ಒಂದು ದಾಸ್ತಾನಿನ ಪರೀಕ್ಷೆಯೇ ಆಗಿದೆ.

ನಮ್ಮ ದೇಶಚರಿತ್ರೆಯಲ್ಲಿ ಕೆರೆಗೂ ದೇವಾಲಯಕ್ಕೂ ಕೋಟೆಗೂ ದೊರೆತಿರುವ ಸ್ಥಾನವು ದಾಸ್ತಾನಿಗೆ ದೊರೆತಿಲ್ಲ. ಕೆರೆಯನ್ನು ಕಟ್ಟಿಸಿದವನು ಶಾಸನವನ್ನು ಹಾಕಿಸಿದನು. ಕಾಳನ್ನು ಕೂಡಿಟ್ಟವನು ಅದನ್ನು ಗುಟ್ಟಾಗಿಯೇ ಇರಿಸಿದನು. ಬೆಳೆದ ಪದಾರ್ಥವನ್ನು ಕಾಲದ ಕೈಗೆ ಸಿಕ್ಕದಂತೆ ಕಾಪಾಡುವ ಉಪಾಯವು ಯಾರ ವಶದಲ್ಲಿದ್ದಿತೋ, ಬೆಲೆಯನ್ನು ಕಟ್ಟುವ ಅಧಿಕಾರವೂ ಅವರ ವಶದಲ್ಲಿಯೇ ಇದ್ದಿತು. ಈ ಮಾತಿಗೆ ತುಮಕೂರು, ಗುಬ್ಬಿ, ಕುಣಿಗಲ್ ಎಂಬ ಮೂರು ಊರುಗಳ ಸೀಮೆಯು ಒಳ್ಳೆಯ ನಿದರ್ಶನವಾಗಿದೆ. ನೆಲದೊಳಗಿನ ಹಗೇವೂ, ಪೇಟೆಯವರು ಕೋಲ್ಡ್ ಸ್ಟೋರೇಜು ಎಂದು ಕರೆಯುವ ಶೀತಲಗೃಹವೂ ಒಂದೇ ಸೀಮೆಯಲ್ಲಿ ಒಂದಾದ ಮೇಲೊಂದು ಬಂದಿರುವುದರಿಂದ ಎರಡನ್ನೂ ಹೋಲಿಸಿ ನೋಡಲು ಇಲ್ಲಿ ಅನುಕೂಲವುಂಟು.

೨

ಈ ಸೀಮೆಯು ಬೆಂಗಳೂರಿಗೆ ಪಶ್ಚಿಮ ಮತ್ತು ವಾಯವ್ಯ ದಿಕ್ಕುಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರು ಎತ್ತರದಲ್ಲಿದೆ. ಕುಣಿಗಲ್ಲಿನಲ್ಲಿ ಜನಪದ ಗೀತದಿಂದ ಹೆಸರಾದ ದೊಡ್ಡ ಕೆರೆಯೂ ಅದರ ಕೆಳಗೆ ಗದ್ದೆಗಳೂ ಇವೆ. ಟಿಪ್ಪುವಿನ ಕಾಲದಿಂದಲೂ ಆ ಊರು ಕುದುರೆಗಳ ತಳಿಗೆ ಪ್ರಸಿದ್ಧವಾದುದು. ಗುಬ್ಬಿಯು ಅಡಕೆ ತೆಂಗುಗಳ ವ್ಯಾಪಾರದಿಂದ ಬೆಳೆದ ಸಂತೆಯ ಊರು. ತುಮಕೂರಿನ ಸುತ್ತಲೂ ಮಳೆಯನ್ನು ನಂಬಿದ ಹೊಲಗಳು, ರಾಗಿ, ಹುರುಳಿ, ಅವರೆ. ಸಾಲುಮರಗಳಾಗಿಯೂ ಗುಂಡುತೋಪುಗಳಾಗಿಯೂ ಹುಣಸೆ. ಹೀಗೆ ಬೇಗನೆ ಕೆಡುವ ಪದಾರ್ಥವೂ ಬಹುಕಾಲ ನಿಲ್ಲುವ ಪದಾರ್ಥವೂ ಇಲ್ಲಿ ಒಟ್ಟಿಗೆ ಬೆಳೆಯುವುವು.

ಪ್ರತಿಯೊಂದು ಪದಾರ್ಥಕ್ಕೂ ತಕ್ಕ ಪಾತ್ರವನ್ನು ಜನರು ಕಂಡುಕೊಂಡಿದ್ದರು. ಬತ್ತಕ್ಕೆ ಬಿದಿರಿನಿಂದ ಹೆಣೆದು ಸಗಣಿ ಸಾರಿಸಿದ ಕಣಜ, ಬೇಳೆಕಾಳುಗಳಿಗೆ ಮಣ್ಣಿನ ವಾಡೆ, ಗುಡಾಣ, ಹುಣಸೆಗೆ ಉಪ್ಪು ಬೆರಸಿ ಒತ್ತಿದ ಜಾಡಿ, ರಾಗಿಗೆ ಹಗೇವು. ಹಗೇವು ಎಂಬುದು ಗಟ್ಟಿಮಣ್ಣಿನ ದಿಣ್ಣೆಯಲ್ಲಿ, ನೀರು ನಿಲ್ಲದ ಎಡೆಯಲ್ಲಿ ತೋಡಿದ ಗುಳಿ. ಬಾಯಿ ಒಬ್ಬ ಮನುಷ್ಯನು ಇಳಿಯುವಷ್ಟು ಕಿರಿದು, ಒಳಗಿನ ಹೊಟ್ಟೆ ಅಗಲ; ಒಟ್ಟಿನಲ್ಲಿ ಹೂಜಿಯ ಆಕಾರ. ಗೋಡೆಯನ್ನು ಒಣಗಿಸಿ, ಸುತ್ತಲೂ ಹುಲ್ಲನ್ನು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯನ್ನಿಟ್ಟು ಮಣ್ಣು ಮೆತ್ತುವರು. ಮೇಲೆ ಬಂಡಿ ಹರಿದರೂ ಕೆಳಗೆ ಕಾಳಿರುವುದು ತಿಳಿಯದು. ದಂಡು ದಾಳಿಗಳ ಕಾಲದಲ್ಲಿ ಇದು ಸಣ್ಣ ಪ್ರಯೋಜನವಲ್ಲ. ಉತ್ತರ ಕರ್ನಾಟಕದಲ್ಲಿ ಜೋಳವನ್ನಿರಿಸುವ ಇಂಥದೇ ಗುಳಿಗೆ ಹಗೆಯೆಂದು ಹೆಸರು. ೧೮೦೦ ಮತ್ತು ೧೮೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನು ಗುಳಿಗಳಲ್ಲಿ ಕಾಪಾಡುವ ಪದ್ಧತಿಯನ್ನು ಗಮನಿಸಿರುವನು.

ಹಗೇವಿನಲ್ಲಿ ರಾಗಿಯು ದಶಕಗಟ್ಟಲೆ ಉಳಿಯುವುದಕ್ಕೆ ಕಾರಣಗಳು ಈಗ ಸ್ಪಷ್ಟವಾಗಿವೆ. ರಾಗಿಯ ಕಾಳು ಸಣ್ಣದು, ಗಟ್ಟಿಯಾದುದು. ರಾಶಿಯ ನಡುವೆ ಗಾಳಿಗೆ ಎಡೆ ಬಲು ಕಡಮೆ. ಬಾಯಿ ಮುಚ್ಚಿದ ಮೇಲೆ ಕಾಳೂ ಅದರಲ್ಲಿರಬಹುದಾದ ಹುಳುಗಳೂ ಉಸಿರಾಡುತ್ತ ಒಳಗಿನ ಆಮ್ಲಜನಕವನ್ನು ತೀರಿಸಿಬಿಡುವುವು, ಇಂಗಾಲಾಮ್ಲವಾಯುವು ತುಂಬಿಕೊಳ್ಳುವುದು, ಹುಳುಗಳು ಸಾಯುವುವು. ನೆಲದಡಿಯಲ್ಲಿ ಬೇಸಗೆ ಚಳಿಗಾಲಗಳ ವ್ಯತ್ಯಾಸವು ಬಹಳ ಕಡಮೆಯಾದುದರಿಂದ ಕಾಳು ಬೆವರುವುದಿಲ್ಲ. ಯಂತ್ರವಿಲ್ಲ, ಇಂಧನವಿಲ್ಲ, ಪದಾರ್ಥವು ತನ್ನ ಉಸಿರಿನಿಂದಲೇ ತನ್ನನ್ನು ಕಾಪಾಡಿಕೊಳ್ಳುವುದು.

ಆ ಉಸಿರು ಮನುಷ್ಯನಿಗೆ ಮೃತ್ಯು. ಹಗೇವನ್ನು ತೆರೆದ ಕೂಡಲೆ ಯಾರೂ ಇಳಿಯಲಾಗದು. ಚಪ್ಪಡಿಯನ್ನು ಸರಿಸಿ ಕೆಲವು ಕಾಲ ಬಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುವರು. ದೀಪವು ಆರಿದರೆ ಒಳಗೆ ಪ್ರಾಣವಾಯುವಿಲ್ಲ, ಉರಿದರೆ ಇಳಿಯಬಹುದು. ಈ ಎಚ್ಚರಿಕೆಯನ್ನು ಮರೆತವರು ಹಗೇವಿನಲ್ಲಿಯೇ ಉಳಿದರು.

೩

ಹಗೇವನ್ನು ಹೊಗಳುವ ಉತ್ಸಾಹದಲ್ಲಿ ಅದರ ಮಿತಿಯನ್ನು ಮರೆಯಬಾರದು. ಹಗೇವಿದ್ದುದು ಹೊಲವಿದ್ದವನಿಗೆ, ಅವರಲ್ಲಿಯೂ ಉಣ್ಣುವುದಕ್ಕಿಂತ ಹೆಚ್ಚು ಬೆಳೆದವನಿಗೆ. ಉಳಿದವರು ಬಿತ್ತನೆಯ ಕಾಲದಲ್ಲಿ ಅವನಿಂದ ಕಾಳನ್ನು ಕಡ ತಂದು, ಸುಗ್ಗಿಯಲ್ಲಿ ಹೆಚ್ಚಿಗೆ ಸೇರಿಸಿ ಅಳೆದುಕೊಡುತ್ತಿದ್ದರು. ಗೌಡನ ಹಗೇವು ಊರಿಗೆ ಆಸರೆಯೂ ಹೌದು, ಊರಿನ ಮೇಲಿನ ಹಿಡಿತವೂ ಹೌದು. ಹೀಗಿದ್ದರೂ ಒಂದು ಮಾತು ನಿಜ: ಕೀಲಿಯು ಊರಿನೊಳಗೇ ಇದ್ದಿತು. ಚಪ್ಪಡಿಯನ್ನು ಯಾವಾಗ ಎತ್ತಬೇಕೆಂಬುದನ್ನು ನಿಶ್ಚಯಿಸುವವನನ್ನು ಜನರು ಮುಖತಃ ಬಲ್ಲವರಾಗಿದ್ದರು. ಅವನ ಮನೆಯ ಬಾಗಿಲಿಗೆ ಹೋಗಿ ಕೇಳಬಹುದಾಗಿದ್ದಿತು.

ಈ ವ್ಯವಸ್ಥೆಯ ಶಕ್ತಿಯು ಪರೀಕ್ಷೆಗೆ ಒಳಗಾದುದು ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ. ಒಂದು ವರ್ಷದ ಮಳೆ ತಪ್ಪಿದರೆ ಹಗೇವು ತಡೆಯುವುದು. ಮಳೆಯು ಮತ್ತೆ ಮತ್ತೆ ತಪ್ಪಿದರೆ ಹಗೇವೂ ಬರಿದಾಗುವುದು. ೧೮೭೧ರ ಖಾನೇಷುಮಾರಿಯಲ್ಲಿ ಸುಮಾರು ೫೦ ಲಕ್ಷ ೫೫ ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೧ ಲಕ್ಷ ೮೬ ಸಾವಿರಕ್ಕೆ ಇಳಿದಿದ್ದಿತು. ಬೆಂಗಳೂರಿನವರೆಗೆ ಮದರಾಸಿನಿಂದ ರೈಲು ಬಂದಿದ್ದಿತು. ಅಲ್ಲಿಂದ ಮುಂದಕ್ಕೆ ಕಾಳನ್ನು ಸಾಗಿಸಬೇಕಾದ ಎತ್ತುಗಳಿಗೇ ಮೇವಿರಲಿಲ್ಲ. ಈ ಅನುಭವದ ತರುವಾಯ ರೈಲುಮಾರ್ಗದ ಕೆಲಸವು ಚುರುಕಾಗಿ, ೧೮೮೪ರಲ್ಲಿ ತುಮಕೂರಿಗೆ ರೈಲು ಬಂದಿತು.

ರೈಲಿನಿಂದ ಎರಡು ಪರಿಣಾಮಗಳಾದುವು. ಬರದಲ್ಲಿ ಹೊರಗಿನಿಂದ ಕಾಳನ್ನು ತರುವುದು ಸಾಧ್ಯವಾಯಿತು; ಅದರಂತೆಯೇ ಸುಗ್ಗಿಯಲ್ಲಿ ಒಳಗಿನ ಕಾಳನ್ನು ಹೊರಕ್ಕೆ ಸಾಗಿಸುವುದೂ ಸಾಧ್ಯವಾಯಿತು. ಕೂಡಿಡುವುದಕ್ಕಿಂತ ಮಾರುವುದು ಲಾಭವೆಂಬ ಭಾವನೆಯು ಬೆಳೆಯಿತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಸರ್ಕಾರವು ಕಾಳನ್ನು ಕಡ್ಡಾಯವಾಗಿ ಕೊಳ್ಳಲು ತೊಡಗಿದ ಮೇಲೆ ಗುಪ್ತವಾದ ದಾಸ್ತಾನು ಅಪರಾಧದ ಛಾಯೆಯನ್ನು ಪಡೆಯಿತು. ೧೯೫೭ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಉಗ್ರಾಣ ನಿಗಮವೂ ೧೯೬೫ರಲ್ಲಿ ದೇಶಕ್ಕೆ ಆಹಾರ ನಿಗಮವೂ ಏರ್ಪಟ್ಟುವು. ದಾಸ್ತಾನು ನೆಲದಡಿಯಿಂದ ಮೇಲಕ್ಕೆ ಬಂದಿತು. ಊರಿನಿಂದ ಪೇಟೆಗೆ ಸರಿಯಿತು. ಹಗೇವುಗಳು ಒಂದೊಂದಾಗಿ ಮುಚ್ಚಿಹೋದುವು.

೪

ನೆಲದೊಳಗಿನ ದಾಸ್ತಾನಿಗೆ ಕ್ಷಾಮದ ಪೆಟ್ಟು ಬಿದ್ದ ದಶಕದಲ್ಲಿಯೇ ಯೂರೋಪಿನಲ್ಲಿ ಇನ್ನೊಂದು ಬಗೆಯ ದಾಸ್ತಾನಿಗೆ ಬುನಾದಿಯಾಗುತ್ತಿದ್ದಿತು. ಅದಕ್ಕೆ ಮುಂಚೆ ತಂಪೆಂಬುದು ಹಿಮಪ್ರದೇಶಗಳಿಂದ ಹಡಗಿನಲ್ಲಿ ತರಬೇಕಾದ ಸರಕಾಗಿದ್ದಿತು. ೧೮೩೩ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಕಲ್ಕತ್ತೆಗೆ ಮಂಜುಗಡ್ಡೆಯು ಬಂದಿಳಿಯಿತು. ಅದೇ ವ್ಯಾಪಾರಕ್ಕಾಗಿ ಮದರಾಸಿನ ಕಡಲತೀರದಲ್ಲಿ ಕಟ್ಟಿದ ಐಸ್ ಹೌಸ್ ಮುಂದೆ ೧೮೯೭ರಲ್ಲಿ ವಿವೇಕಾನಂದರು ತಂಗಿದ್ದುದರಿಂದ ಪ್ರಸಿದ್ಧವಾಯಿತು. ೧೮೭೦ರ ದಶಕದಲ್ಲಿ ಜರ್ಮನಿಯ ಕಾರ್ಲ್ ಲಿಂಡೆಯು ಅಮೋನಿಯ ವಾಯುವನ್ನು ಒತ್ತಿ ತಂಪನ್ನುಂಟುಮಾಡುವ ಯಂತ್ರವನ್ನು ಬಳಕೆಗೆ ತಂದನು. ೧೮೮೨ರಲ್ಲಿ ಡನೆಡಿನ್ ಎಂಬ ಹಡಗು ನ್ಯೂಜಿಲೆಂಡಿನಿಂದ ಹೆಪ್ಪುಗಟ್ಟಿದ ಮಾಂಸವನ್ನು ಹೊತ್ತು ಲಂಡನ್ನನ್ನು ಮುಟ್ಟಿತು. ಅಂದಿನಿಂದ ತಂಪು ಎಲ್ಲಿ ಬೇಕೋ ಅಲ್ಲಿ ತಯಾರಿಸಬಹುದಾದ ವಸ್ತುವಾಯಿತು. ಹಳೆಯ ವ್ಯಾಪಾರದ ನೆನಪು ಇಂದಿಗೂ ಅಳತೆಯಲ್ಲಿ ಉಳಿದಿದೆ: ಯಂತ್ರದ ಶಕ್ತಿಯನ್ನು ಹೇಳುವ ಟನ್ನೆಂಬುದು ಒಂದು ಟನ್ ಮಂಜುಗಡ್ಡೆಯು ೨೪ ಗಂಟೆಗಳಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖ, ಎಂದರೆ ಸುಮಾರು ಮೂರೂವರೆ ಕಿಲೋವ್ಯಾಟ್.

ಯಂತ್ರದ ತತ್ತ್ವವು ಸರಳವಾದುದು. ಬೆವರು ಆರುವಾಗ ಮೈ ತಂಪಾಗುವಂತೆ, ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದು. ಅಮೋನಿಯವು ಸಾಧಾರಣ ವಾಯುಭಾರದಲ್ಲಿ ಸೊನ್ನೆಗಿಂತ ೩೩ ಡಿಗ್ರಿ ಕೆಳಗೇ ಕುದಿಯುವುದು. ಕೋಣೆಯೊಳಗಿನ ಕೊಳವೆಗಳಲ್ಲಿ ಅದು ಆವಿಯಾಗಿ ಕೋಣೆಯ ಶಾಖವನ್ನು ಎತ್ತಿಕೊಳ್ಳುವುದು; ಆ ಆವಿಯನ್ನು ಕಂಪ್ರೆಸರ್ ಎಂಬ ಯಂತ್ರವು ಎಳೆದು ಒತ್ತುವುದು; ಒತ್ತಿ ಬಿಸಿಯಾದ ಆವಿಯು ಹೊರಗಿನ ಕಂಡೆನ್ಸರಿನಲ್ಲಿ ನೀರಿಗೂ ಗಾಳಿಗೂ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುವುದು; ಉರುಳೆಯಾಕಾರದ ತೊಟ್ಟಿಯಲ್ಲಿ ನಿಂತು, ಕಿರಿದಾದ ಕವಾಟದ ಮೂಲಕ ಹಾಯ್ದು ಪುನಃ ಕೋಣೆಗೆ ಬರುವುದು. ಒಳಗಿನ ಶಾಖವನ್ನು ಹೊರಕ್ಕೆ ಹೊತ್ತು ಹಾಕುವ ಈ ಕೆಲಸವು ಹಗಲಿರುಳು ನಡೆಯುತ್ತಿರಬೇಕು. ವಿದ್ಯುತ್ತು ನಿಂತರೆ ಗೋಡೆಯ ಹೊದಿಕೆಯು ತಂಪನ್ನು ಕೆಲವು ಕಾಲ ಹಿಡಿದಿಡುವುದು. ಅನಂತರ ಕಾಲವು ಒಳಕ್ಕೆ ನುಗ್ಗುವುದು.

ಇಲ್ಲಿಯೂ ವಿಷವಾಯುವಿನ ಭಯವುಂಟು. ಅಮೋನಿಯವು ಕೊಳವೆಯಿಂದ ಸೋರಿದರೆ ಕಣ್ಣು ಗಂಟಲುಗಳನ್ನು ಸುಡುವುದು, ಹೆಚ್ಚಾದರೆ ಪ್ರಾಣವನ್ನೇ ತೆಗೆಯುವುದು. ಸೋರುವ ಎಡೆಯನ್ನು ಹುಡುಕಲು ಯಂತ್ರದ ಕೆಲಸಗಾರರು ಗಂಧಕದ ಕಡ್ಡಿಯನ್ನು ಹೊತ್ತಿಸಿ ಕೀಲುಗಳ ಬಳಿ ಹಿಡಿಯುವರು. ಸೋರಿಕೆಯಿದ್ದ ಕಡೆ ದಟ್ಟವಾದ ಬಿಳಿಯ ಹೊಗೆಯೇಳುವುದು. ಹಗೇವಿನ ಬಾಯಲ್ಲಿ ಇಳಿಬಿಟ್ಟ ದೀಪವೂ ಕೊಳವೆಯ ಬಳಿ ಹಿಡಿದ ಗಂಧಕದ ಕಡ್ಡಿಯೂ ಒಂದೇ ವಿವೇಕದಿಂದ ಹುಟ್ಟಿದುವು: ಮನುಷ್ಯನು ಮುಂದಡಿಯಿಡುವ ಮೊದಲು ಬೆಂಕಿಯನ್ನು ಕೇಳಬೇಕು.

೫

ಭಾರತದ ಶೀತಲಗೃಹಗಳಲ್ಲಿ ಬಹುಭಾಗವು ಉತ್ತರದ ಮತ್ತು ಬಂಗಾಳದ ಆಲೂಗಡ್ಡೆಗಾಗಿ ಏರ್ಪಟ್ಟಿತು. ೧೯೬೪ರಲ್ಲಿ ಹೊರಟ ಕೇಂದ್ರ ಸರ್ಕಾರದ ಆಜ್ಞೆಯಿಂದ ಅವುಗಳಿಗೆ ಪರವಾನಗಿಯು ಕಡ್ಡಾಯವಾಯಿತು. ೧೯೯೭ರಲ್ಲಿ ಆ ನಿರ್ಬಂಧವು ತೊಲಗಿತು. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯವು ಪದಾರ್ಥ ರಕ್ಷಣೆಯ ಶಾಸ್ತ್ರವನ್ನು ಕನ್ನಡನಾಡಿನ ಹತ್ತಿರಕ್ಕೆ ತಂದಿತು. ತುಮಕೂರಿನಲ್ಲಿ ಮಾತ್ರ ಶೀತಲಗೃಹಕ್ಕೆ ದೊರೆತ ಮುಖ್ಯವಾದ ಪದಾರ್ಥವು ಆಲೂಗಡ್ಡೆಯಲ್ಲ, ಹುಣಸೆ.

ಇದು ಮೊದಲು ವಿಚಿತ್ರವಾಗಿ ತೋರಬಹುದು. ಹುಣಸೆಯು ಕೊಳೆಯುವ ಹಣ್ಣಲ್ಲ. ಮನೆಗಳಲ್ಲಿ ವರ್ಷಗಟ್ಟಲೆ ಜಾಡಿಯಲ್ಲಿರುವುದು. ಆದರೆ ಅದು ಬಣ್ಣವನ್ನು ಕಳೆದುಕೊಳ್ಳುವುದು. ವರ್ಷದ ಮೊದಲ ತಿಂಗಳುಗಳಲ್ಲಿ ಮರದಿಂದಿಳಿದಾಗ ಹೊಂಬಣ್ಣ ಕೆಂಪುಬಣ್ಣಗಳ ನಡುವಿರುವ ತಿರುಳು ಬೇಸಗೆಯ ಶಾಖದಲ್ಲಿ ಕಂದತೊಡಗಿ, ಮಳೆಗಾಲದ ತೇವವನ್ನು ಹೀರಿ, ಕಪ್ಪಾಗಿ ಜಿಗುಟಾಗುವುದು. ತಿರುಳಿನ ಸಕ್ಕರೆಗೂ ಇತರ ಸತ್ತ್ವಗಳಿಗೂ ನಡುವೆ ನಡೆಯುವ ರಾಸಾಯನಿಕ ಕ್ರಿಯೆಯೇ ಇದಕ್ಕೆ ಕಾರಣ. ಇಂಥ ಕ್ರಿಯೆಗಳ ವೇಗವು ಶಾಖವು ಹತ್ತು ಡಿಗ್ರಿ ಇಳಿದಾಗಲೆಲ್ಲ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುವುದೆಂಬುದು ಸ್ಥೂಲವಾದ ನಿಯಮ. ಆದುದರಿಂದ ತಂಪುಕೋಣೆಯಲ್ಲಿಟ್ಟ ಹುಣಸೆಯು ತಿಂಗಳುಗಳು ಕಳೆದರೂ ಹೊಸದರಂತೆ ಕಾಣುವುದು. ಹೊಸದರಂತೆ ಕಂಡುದಕ್ಕೆ ಪೇಟೆಯಲ್ಲಿ ಹೆಚ್ಚಿನ ಬೆಲೆಯುಂಟು. ಸಾರಿನ ಹುಳಿಗೆ ಬಣ್ಣದಿಂದ ಹೆಚ್ಚೇನೂ ಆಗಬೇಕಾಗಿಲ್ಲ. ವ್ಯಾಪಾರಕ್ಕೆ ಬಣ್ಣವೇ ಸಾಕ್ಷಿ.

ಈ ಬಣ್ಣದ ಲಾಭವು ಯಾರಿಗೆ ಸೇರುವುದೆಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಮರದ ಒಡೆಯನು ಹಲವು ವೇಳೆ ಫಸಲನ್ನು ಮರದ ಮೇಲಿರುವಾಗಲೇ ಗುತ್ತಿಗೆಗೆ ಕೊಟ್ಟುಬಿಡುವನು. ಕಾಯನ್ನು ಉದುರಿಸುವವರು ಕೂಲಿಯವರು. ಸಿಪ್ಪೆಯನ್ನು ಬಡಿದು, ನಾರು ಬೀಜಗಳನ್ನು ಬಿಡಿಸುವವರು ಬಹುಮಟ್ಟಿಗೆ ಹೆಂಗಸರು. ಅವರಿಗೆ ದೊರೆಯುವುದು ತೂಕದ ಲೆಕ್ಕದ ಕೂಲಿ. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರಲು ಬರುವುದರಿಂದ ಹರಾಜಿನಲ್ಲಿ ಬೆಲೆಯು ಕುಗ್ಗುವುದು. ಆಗ ಕೊಂಡು ಶೀತಲಗೃಹದಲ್ಲಿರಿಸಬಲ್ಲ ಮಂಡಿಯವನು ಬೆಲೆಯೇರುವ ತಿಂಗಳವರೆಗೆ ಕಾಯಬಲ್ಲನು. ರೈತನು ಕಾಯಲಾರನು, ಅವನ ಸಾಲವೂ ಮಕ್ಕಳ ಶಾಲೆಯೂ ಮುಂಗಾರಿನ ಬಿತ್ತನೆಯೂ ಅವನಿಗಾಗಿ ಕಾಯುವುದಿಲ್ಲ. ಇದರಲ್ಲಿ ವರ್ತಕನ ಕುಟಿಲತೆಯನ್ನೇ ಹುಡುಕಬೇಕಾಗಿಲ್ಲ. ವಿದ್ಯುತ್ತಿನ ಖರ್ಚು, ಕೋಣೆಯ ಬಾಡಿಗೆ, ಬೆಲೆ ಬಿದ್ದರೆ ಬರುವ ನಷ್ಟ ಎಲ್ಲವನ್ನೂ ಅವನು ಹೊರುವನು. ಆದರೂ ಕಾಯುವ ಶಕ್ತಿಯು ಒಂದು ಕಡೆಯಲ್ಲಿಯೇ ಕೂಡಿಕೊಂಡಿರುವುದೆಂಬುದು ಸ್ಪಷ್ಟ.

ತುಮಕೂರಿಗೆ ಸಮೀಪದ ವಸಂತನರಸಾಪುರದಲ್ಲಿ ೨೦೧೪ನೆಯ ಇಸವಿ ಸೆಪ್ಟೆಂಬರ್ ೨೪ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರಿಂದ ಉದ್ಘಾಟಿತವಾದ ಆಹಾರ ಪಾರ್ಕು ಸುಮಾರು ೧೧೦ ಎಕರೆಗಳಲ್ಲಿ ಏರ್ಪಟ್ಟಿತು. ಪದಾರ್ಥಗಳ ಸಂಸ್ಕರಣೆ, ಉಗ್ರಾಣ, ಶೀತಲಗೃಹಗಳನ್ನು ಒಂದೆಡೆ ಕೂಡಿಸುವುದೇ ಇದರ ಉದ್ದೇಶ. ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನಂಥ, ಹಣ್ಣಾದ ಕೆಲವೇ ದಿನಗಳಲ್ಲಿ ಕೆಡುವ ಪದಾರ್ಥಕ್ಕೆ ಇಂಥ ಏರ್ಪಾಡಿನಿಂದ ಆಗಬಹುದಾದ ಉಪಕಾರವು ಹುಣಸೆಗಿಂತಲೂ ದೊಡ್ಡದು. ಆ ಉಪಕಾರವು ಬೆಳೆದವನವರೆಗೆ ಮುಟ್ಟಬೇಕಾದರೆ ಕೋಣೆಯಿದ್ದರೆ ಸಾಲದು. ಕೋಣೆಯ ಮೇಲೆ ಅವನಿಗೂ ಹಕ್ಕಿರಬೇಕು.

೬

ಹಗೇವುಗಳು ಅಳತೆಯಿಲ್ಲದೆ, ಚಿತ್ರವಿಲ್ಲದೆ ಮುಚ್ಚಿಹೋದುವು. ಶೀತಲಗೃಹಗಳಿಗೂ ಅದೇ ಗತಿ ಬರಬಾರದು. ಕೈಗಾರಿಕೆಯ ಕಟ್ಟಡಗಳನ್ನು ಕಿರಿಯಳತೆಯಲ್ಲಿ ನಿರ್ಮಿಸುವ ಪ್ರತಿಕೃತಿಕಾರರು ಚರಿತ್ರಕಾರನಿಗೆ ಇಲ್ಲಿ ನೆರವಾಗಬಲ್ಲರು. ಏಕೆಂದರೆ ಶೀತಲಗೃಹದ ವಯಸ್ಸನ್ನು ಅದರ ಹೊರಮೈಯೇ ಹೇಳುವುದು.

ಕಿಟಕಿಗಳಿಲ್ಲದ ಎತ್ತರದ ಗೋಡೆ ಎಲ್ಲ ಕಾಲಕ್ಕೂ ಸಮಾನವಾದುದು. ಹಳೆಯ ಮಾದರಿಯಲ್ಲಿ ಗೋಡೆಯು ಇಟ್ಟಿಗೆಯದು, ತಂಪನ್ನು ತಡೆಯುವ ಹೊದಿಕೆಯು ಅದರ ಒಳಗಡೆ. ಛಾವಣಿಯ ಮೇಲೆ ಸಾಲುಸಾಲಾಗಿ ಜೋಡಿಸಿದ ಕೊಳವೆಗಳು. ಅವುಗಳ ಮೇಲೆ ನೀರು ತೊಟ್ಟಿಕ್ಕುತ್ತಿರುವುದು. ಕೆಳಗೆ ನೀರಿನ ತೊಟ್ಟಿ. ಗೋಡೆಯ ಉದ್ದಕ್ಕೂ ಸುಣ್ಣದ ಬಿಳಿಯ ಕಲೆ, ಪಾಚಿಯ ಹಸುರು. ಇವನ್ನು ಬಿಟ್ಟ ಪ್ರತಿಕೃತಿಯು ನಿಜವೆನಿಸದು. ಒಳಗೆ ಮರದ ಪಟ್ಟಿಗಳ ಅಟ್ಟಗಳ ಮೇಲೆ ಮೂಟೆಗಳಿದ್ದು, ಕೊಳವೆಗಳ ಸುರುಳಿಯು ಮಾಡಿನ ಬಳಿಯಿರುವುದು. ತರುವಾಯದ ಮಾದರಿಯಲ್ಲಿ ಛಾವಣಿಯ ಕೊಳವೆಸಾಲಿಗೆ ಬದಲು, ಮೇಲ್ಗಡೆ ಬೀಸಣಿಗೆಯುಳ್ಳ ಲೋಹದ ಪೆಟ್ಟಿಗೆಯು ನಿಲ್ಲುವುದು. ಇತ್ತೀಚಿನವುಗಳಲ್ಲಿ ಗೋಡೆಯೇ ತಗಡಿನ ಹಲಗೆಗಳದು, ನಡುವೆ ನೊರೆಯಂಥ ಹೊದಿಕೆ. ಅಮೋನಿಯವಲ್ಲದ ವಾಯುವನ್ನು ಬಳಸುವ ಸಣ್ಣ ಕೋಣೆಗಳಿಗೆ ಹಿಂಬದಿಯಲ್ಲಿ ಬೀಸಣಿಗೆಯ ಪೆಟ್ಟಿಗೆಗಳ ಸಾಲು. ಕೋಣೆಯಿಂದ ಯಂತ್ರಕ್ಕೆ ಆವಿಯು ಹಿಂದಿರುಗುವ ಕೊಳವೆಯು ಹೊದಿಕೆಯಿಂದ ದಪ್ಪವಾಗಿ ಕಾಣುವುದು. ಕಂಡೆನ್ಸರಿನಿಂದ ದ್ರವವನ್ನು ತರುವ ಕೊಳವೆಯು ತೆಳ್ಳಗೆ, ಬರಿಮೈಯಲ್ಲಿರುವುದು. ಯಂತ್ರದ ಕೋಣೆ ಬೇರೆಯಾಗಿದ್ದು ಗಾಳಿಯಾಡುವಂತಿರುವುದು. ಅಪಾಯದ ಕವಾಟದ ಕೊಳವೆಯು ಛಾವಣಿಗಿಂತ ಮೇಲಕ್ಕೆ ಏರಿರುವುದು. ಗಾಳಿಯ ದಿಕ್ಕನ್ನು ತೋರುವ ಬಟ್ಟೆಯ ಚೀಲವೂ ಕೆಲವೆಡೆ ಹಾರುತ್ತಿರುವುದು. ರೈಲ್ವೆ ಪ್ರತಿಕೃತಿಗಳಲ್ಲಿ ರೂಢಿಯಾದ ೧:೮೭ ಪ್ರಮಾಣದಲ್ಲಿ ೧೨ ಮೀಟರಿನ ಗೋಡೆಯು ಸುಮಾರು ೧೪ ಸೆಂಟಿಮೀಟರು. ೫ ಸೆಂಟಿಮೀಟರು ದಪ್ಪದ ಕೊಳವೆಯು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ತಂತಿ. ಮೂರು ಕಾಲದ ಯಂತ್ರಗಳನ್ನು ಒಂದೇ ಛಾವಣಿಯ ಮೇಲೆ ಬೆರಸದಿರುವುದೇ ಇಲ್ಲಿನ ಮೊದಲ ನಿಯಮ. ಇಂಥ ಪ್ರತಿಕೃತಿಯೊಂದನ್ನು ಹಗೇವಿನ ಸೀಳುನೋಟದ ಪಕ್ಕದಲ್ಲಿರಿಸಿದರೆ ವಿದ್ಯಾರ್ಥಿಗಳಿಗೆ ಈ ಸೀಮೆಯ ಆರ್ಥಿಕ ಚರಿತ್ರೆಯು ಒಂದೇ ನೋಟದಲ್ಲಿ ತಿಳಿಯುವುದು.

೭

ಹಗೇವನ್ನು ಮರಳಿ ತೋಡಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲ. ಹಲಸನ್ನೂ ಹುಣಸೆಯ ಬಣ್ಣವನ್ನೂ ಹಗೇವು ಕಾಯಲಾರದು. ಬಡವನಿಗೆ ಅದು ಎಂದೂ ತೆರೆದಿರಲಿಲ್ಲ. ಹಗೇವಿನಿಂದ ಕಲಿಯಬೇಕಾದುದು ಬೇರೆ: ಕಾಯುವ ಶಕ್ತಿಯು ಬೆಳೆದವನ ಹತ್ತಿರದಲ್ಲಿಯೇ ಇರಬೇಕು. ೨೦೦೭ರ ಉಗ್ರಾಣ ಕಾಯಿದೆಯು ಈ ದಿಕ್ಕಿನಲ್ಲಿ ಒಂದು ದಾರಿಯನ್ನು ತೆರೆದಿದೆ. ನೋಂದಾಯಿತ ಉಗ್ರಾಣದಲ್ಲಿ ಪದಾರ್ಥವನ್ನಿರಿಸಿದವನು ಅದರ ರಸೀತಿಯನ್ನು ಅಡವಿಟ್ಟು ಸಾಲವನ್ನು ಪಡೆಯಬಹುದು. ಸಾಲವನ್ನು ತೀರಿಸುವುದಕ್ಕಾಗಿ ಸುಗ್ಗಿಯಲ್ಲಿಯೇ ಮಾರಬೇಕಾದ ನಿರ್ಬಂಧವು ತಪ್ಪುವುದು. ಸಣ್ಣ ಬೆಳೆಗಾರರು ಸಂಘವಾಗಿ ಸೇರಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದರೆ, ಆ ರಸೀತಿಯು ಹಿಂದಿನ ಕಲ್ಲುಚಪ್ಪಡಿಯ ಸ್ಥಾನದಲ್ಲಿ ನಿಲ್ಲಬಹುದು.

ಕನಕದಾಸರ ಕಾವ್ಯದಲ್ಲಿ ರಾಗಿಯನ್ನು ಸೆರೆಗೆ ಹಾಕಿದವನೂ ಬಿಡಿಸಿದವನೂ ರಾಮನೇ. ಕೀಲಿಯು ಧರ್ಮಾತ್ಮನ ಕೈಯಲ್ಲಿದ್ದುದರಿಂದ ನರೆದಲೆಗನಿಗೆ ನ್ಯಾಯವು ದೊರೆಯಿತು. ಲೋಕದ ವ್ಯವಹಾರದಲ್ಲಿ ಅಂಥ ಅರಸನನ್ನು ನಂಬಿ ಕುಳಿತಿರಲಾಗದು. ಕೀಲಿಯ ಒಂದು ಪ್ರತಿಯು ಬೆಳೆದವನ ಸೊಂಟದಲ್ಲಿಯೂ ಇರುವುದು ಮೇಲು.